ಒಂದು ಕೆರೆಯಿಂದ ಒಂದು ಚಿತ್ರ: ಮಣ್ಣು, ಎಲೆ, ನಾರು ಸೇರಿಸಿ ಮಿಕ್ಸೆಡ್ ಮೀಡಿಯಾ ಕೆಲಸ ಮಾಡುವ ಸಮಗ್ರ ಮಾರ್ಗದರ್ಶಿ

ಸೊರಬದ ಕಡೆ ಊರಿಗೊಂದಾದರೂ ಕೆರೆ ಇರುತ್ತದೆ. ನಮ್ಮೂರಿನದು ಸಣ್ಣದು. ಏಪ್ರಿಲ್ ಹೊತ್ತಿಗೆ ನೀರು ತೂಬಿನ ಹತ್ತಿರ ಒಂದು ಹೊಂಡದಷ್ಟು ಉಳಿಯುತ್ತದೆ. ಮಿಕ್ಕ ಅಂಗಳವೆಲ್ಲ ಬಿರುಕು ಬಿಟ್ಟಿರುತ್ತದೆ. ಆ ಕೆರೆಯನ್ನು ನಾನು ಎಷ್ಟೋ ವರ್ಷ ಟ್ಯೂಬಿನ ಬಣ್ಣದಲ್ಲಿ ಬಿಡಿಸಿದೆ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದು ಯಾವ ಊರಿನ ಕೆರೆ ಬೇಕಾದರೂ ಆಗಬಹುದಿತ್ತು.

ಒಂದು ಬೇಸಿಗೆಯಲ್ಲಿ ಕೈಗೆ ಮೆತ್ತಿದ್ದ ಕೆರೆ ಗೋಡು, ಅಂದರೆ ತಳದ ಹೂಳು, ಸ್ಕೆಚ್ ಪುಸ್ತಕಕ್ಕೆ ತಾಗಿತು. ಒರೆಸಲು ಹೋದೆ. ಹಾಳೆಯ ಮೇಲೆ ಬೂದು ಬಣ್ಣದ ಒಂದು ಪಟ್ಟಿ ಎದ್ದಿತು. ಬಿಳಿ, ಕಪ್ಪು, ನೀಲಿ ಬೆರೆಸಿ ಬೆರೆಸಿ ನಾನು ಹುಡುಕುತ್ತಿದ್ದ ಬೂದು ಅದೇ ಆಗಿತ್ತು.

ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಮೊದಲು ಜಾಗದ ಚಿತ್ರ ಬಿಡಿಸುತ್ತಿದ್ದೆ. ಈಗ ಆ ಜಾಗದಿಂದಲೇ ಚಿತ್ರ ಮಾಡುತ್ತೇನೆ. ಅದು ಹೇಗೆ ಅಂತ ಕೆಳಗೆ ಒಂದೊಂದೇ ಹಂತವಾಗಿ ಬರೆದಿದ್ದೇನೆ. ಚಿತ್ರಕಲೆ ಕಲಿತಿರಬೇಕು ಅಂತೇನಿಲ್ಲ. ತಾಳ್ಮೆ ಮಾತ್ರ ಬೇಕು.

ಒಂದೇ ಕೃತಿಯಲ್ಲಿ ಬೇರೆ ಬೇರೆ ಸಾಮಗ್ರಿ ಸೇರಿದರೆ ಅದನ್ನು ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ. ಪಿಕಾಸೊ 1912ರಲ್ಲಿ ಕ್ಯಾನ್ವಾಸಿನ ಮೇಲೆ ಮೇಣಬಟ್ಟೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ. ಕಲೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡುತ್ತಾರೆ. ನನಗೆ ಮಾತ್ರ ಭೂಮಿ ಹುಣ್ಣಿಮೆಯ ಬುಟ್ಟಿಯೇ ಮೊದಲು ನೆನಪಾಗುತ್ತದೆ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಹಬ್ಬದ ದಿನ ಅದರಲ್ಲಿ ಗದ್ದೆಗೆ ಎಡೆ ಹೊತ್ತು ಹೋಗುತ್ತಾರೆ. ಹೆಣೆದ ಬುಟ್ಟಿ, ಸಗಣಿ, ಮಣ್ಣು, ಅಕ್ಕಿ. ಒಂದೊಂದೂ ಅದೇ ನೆಲದ್ದು.

1. ಒಂದೇ ಒಂದು ಜಾಗ ಹಿಡಿಯಿರಿ

ಸ್ಫೂರ್ತಿಗಾಗಿ ಜನ ದೂರ ಹೋಗುತ್ತಾರೆ. ಜೋಗ, ಆಗುಂಬೆ, ಹಂಪಿ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಕೆಲಸಕ್ಕೆ ಬರುವುದು ಮತ್ತೆ ಮತ್ತೆ ಹೋಗಬಹುದಾದ ಜಾಗ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಗದ್ದೆಯ ಬದು, ತೋಟದ ಅಂಚು, ಹಳ್ಳದ ದಂಡೆ, ಬೆಂಗಳೂರಿನವರಾದರೆ ಬಡಾವಣೆಯ ಕೊನೆಯ ಖಾಲಿ ಸೈಟು. ಹತ್ತಡಿ ಅಗಲ, ಹತ್ತಡಿ ಉದ್ದ ಸಾಕು.

ಮೂರು ವಿಷಯ ನೋಡಿ ಆರಿಸಿ. ನೆಲ ಕಾಣುತ್ತಿರಬೇಕು, ಅಂದರೆ ಪೂರ್ತಿ ಸಿಮೆಂಟ್ ಆಗಿರಬಾರದು. ಕಾಲಕ್ಕೆ ತಕ್ಕಂತೆ ಬದಲಾಗುವಂಥದ್ದು ಏನಾದರೂ ಇರಬೇಕು. ಅಲ್ಲಿಂದ ಚಿಟಿಕೆ ಮಣ್ಣು ತೆಗೆದರೆ ಯಾರ ತಕರಾರೂ ಇರಬಾರದು.

2. ಮೊದಲ ಮೂರು ಸಲ ಬರಿಗೈಯಲ್ಲಿ ಹೋಗಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ಹೋದ ತಕ್ಷಣ ಫೋನ್ ತೆಗೆಯುತ್ತೇವೆ, ಅಲ್ವಾ? ಮನೆಯಲ್ಲೇ ಬಿಟ್ಟು ಹೋಗಿ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಇಪ್ಪತ್ತು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಮೊದಲ ಹತ್ತು ನಿಮಿಷ ಬೇಜಾರಾಗುತ್ತದೆ. ಆಮೇಲೆ ಕಣ್ಣು ಕೆಲಸ ಶುರು ಮಾಡುತ್ತದೆ.

ಮೊದಲ ಸಲ ಬಣ್ಣ ಬರೆಯಿರಿ. "ಹಸಿರು" ಅಂತ ಬರೆದರೆ ಏನೂ ಬರೆದ ಹಾಗಲ್ಲ. ಭತ್ತದ ಸಸಿಮಡಿಯ ಹಸಿರೇ? ಪಾಚಿಯದೇ? ಹಳೆ ಅಡಿಕೆ ಸೋಗೆಯದೇ? ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ನನ್ನ ಪುಸ್ತಕದಲ್ಲಿ "ತಳ ಹಿಡಿದ ಹಾಲಿನ ಬಣ್ಣ" ಅಂತ ಇದೆ. ಕೆರೆಯ ಕೋಡಿಯ ಹತ್ತಿರದ ಒಣ ಮಣ್ಣಿಗೆ ಅದಕ್ಕಿಂತ ಸರಿಯಾದ ಹೆಸರು ನನಗೆ ಇನ್ನೂ ಸಿಕ್ಕಿಲ್ಲ.

ಎರಡನೇ ಸಲ ಕಣ್ಣು ಮುಚ್ಚಿ ಕೂರಿ. ಹಾಳೆಯ ನಡುವೆ ಒಂದು ಚುಕ್ಕಿ ಇಡಿ. ಅದು ನೀವು. ಶಬ್ದ ಬಂದ ದಿಕ್ಕಿನಲ್ಲಿ ಒಂದೊಂದು ಗುರುತು ಹಾಕಿ. ಜೀರುಂಡೆಗೆ ಸಣ್ಣ ಗೆರೆಗಳು, ದೂರದ ಪಂಪ್‌ಸೆಟ್ಟಿಗೆ ದಪ್ಪ ಪಟ್ಟಿ, ಹೀಗೆ. ಹದಿನೈದು ನಿಮಿಷದ ನಂತರ ಹಾಳೆ ನೋಡಿದರೆ ಒಂದು ಕಡೆ ಗಿಜಿಗಿಜಿ, ಇನ್ನೊಂದು ಕಡೆ ಖಾಲಿ. ಚಿತ್ರದಲ್ಲಿ ಯಾವುದು ಎಲ್ಲಿ ಬರಬೇಕು ಅನ್ನುವುದಕ್ಕೆ ಇದೇ ನಕ್ಷೆ. ನನ್ನ ಎಷ್ಟೋ ಕೃತಿಗಳ ವಿನ್ಯಾಸ ಹೀಗೇ ಹುಟ್ಟಿದೆ.

ಮೂರನೇ ಸಲ ಮುಟ್ಟಿ ನೋಡಿ. ಒರಟು ಯಾವುದು, ನುಣುಪು ಯಾವುದು, ಯಾವುದು ಪುಡಿಯಾಗುತ್ತದೆ, ಯಾವುದು ಬಳುಕುತ್ತದೆ. ಮುಂದೆ ಸಾಮಗ್ರಿ ಆರಿಸುವಾಗ ಈ ಪಟ್ಟಿ ಬೇಕಾಗುತ್ತದೆ.

3. ತರುವುದು ಕಡಿಮೆ ಇರಲಿ

ಬಿದ್ದದ್ದನ್ನು ಮಾತ್ರ ತನ್ನಿ. ಜೀವ ಇರುವುದನ್ನು ಕೀಳಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಒಂದು ಎಲೆಯನ್ನೂ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಹಕ್ಕಿ ಗರಿ, ಗೂಡು, ಮೊಟ್ಟೆ ಎಲ್ಲಿ ಸಿಕ್ಕಿದರೂ ಬಿಟ್ಟುಬಿಡಿ. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆಯಬೇಡಿ. ಅದು ಅಂಗೈ ಅಗಲ ಆಗಲು ಎಷ್ಟೋ ವರ್ಷ ಬೇಕು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಕೂತು ಬರೆಯಿರಿ, ಚೂರು ತರಬೇಡಿ.

ಒಂದು ಭೇಟಿಗೆ ಐದು ವಸ್ತು ಅಂತ ನಾನು ಮಿತಿ ಇಟ್ಟುಕೊಂಡಿದ್ದೇನೆ. ಒಂದು ಬೊಗಸೆ ಮಣ್ಣು, ನಾಲ್ಕು ಎಲೆ ಅಥವಾ ಕಡ್ಡಿ. ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತದೆ. ಪೊಟ್ಟಣದ ಮೇಲೆ ತಾರೀಕು, ಜಾಗ ಬರೆಯಿರಿ. ಆರು ತಿಂಗಳ ನಂತರ ಎರಡು ಕೆಂಪು ಮಣ್ಣು ನೋಡಿ ಯಾವುದು ಎಲ್ಲಿಯದು ಅಂತ ಹೇಳಲು ಖಂಡಿತ ಆಗುವುದಿಲ್ಲ.

4. ಮಣ್ಣಿನಿಂದ ಬಣ್ಣ

ಈ ಹಂತವನ್ನು ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಕಡೆಯ ಮಣ್ಣು ಕೆಂಪಗಿರುವುದು ಕಬ್ಬಿಣದಿಂದ. ಮಳೆ ಬೇರೆ ಲವಣಗಳನ್ನು ತೊಳೆದುಕೊಂಡು ಹೋಗುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಳಿಯುತ್ತದೆ. ಜಂಬಿಟ್ಟಿಗೆಯೂ ಹಾಗೇ ಆದದ್ದು. ಕರಾವಳಿಯವರು ಅದನ್ನು ಮುರಕಲ್ಲು ಅನ್ನುತ್ತಾರೆ. ಈ ಬಣ್ಣ ಆಗಲೇ ತುಕ್ಕಾಗಿ ಮುಗಿದಿದೆ, ಆದ್ದರಿಂದ ಬಿಸಿಲಿಗೆ ಮಾಸುವುದಿಲ್ಲ. ಕೆರೆ ಗೋಡು ಬೇರೆ ಥರ. ನೀರಿನಡಿ ಗಾಳಿ ಸಿಗದೆ, ಕೊಳೆತ ಎಲೆ ಸೇರಿ ಅದು ಕಪ್ಪಗಿರುತ್ತದೆ. ಒಣಗಿದರೆ ಬೂದು. ಕೆಲವು ಕಡೆ ಬೇರು ಹೋದ ದಾರಿಯಲ್ಲಿ ತುಕ್ಕಿನ ಗೆರೆ ಕಾಣುತ್ತದೆ.

ಮಾಡುವ ಕ್ರಮ ಹೀಗೆ. ಮಣ್ಣನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ. ಕುಟ್ಟಿ ಪುಡಿ ಮಾಡಿ, ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ. ಮೂಗಿಗೆ ಮಾಸ್ಕ್ ಇರಲಿ, ಈ ದೂಳು ಒಳ್ಳೆಯದಲ್ಲ. ಒಂದು ಗಾಜಿನ ಬಾಟಲಿಗೆ ಕಾಲು ಭಾಗ ಪುಡಿ, ಮುಕ್ಕಾಲು ಭಾಗ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ. ತೇಲುವ ಕಸ ತೆಗೆಯಿರಿ. ಅರ್ಧ ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತದೆ. ಮೇಲಿನ ರಾಡಿ ನೀರನ್ನು ಇನ್ನೊಂದು ಬಾಟಲಿಗೆ ಬಗ್ಗಿಸಿ. ಇದನ್ನೇ ಎರಡು ಮೂರು ಸಲ ಮಾಡಿ. ಕೊನೆಯ ಬಾಟಲಿಯನ್ನು ಎರಡು ದಿನ ಅಲ್ಲಾಡಿಸದೆ ಇಡಿ. ತಿಳಿನೀರು ಚೆಲ್ಲಿ, ತಳದ ಗಸಿಯನ್ನು ತಟ್ಟೆಯಲ್ಲಿ ಒಣಗಿಸಿದರೆ ಬಣ್ಣದ ಪುಡಿ ಸಿಕ್ಕಿತು. ಬೆರಳಿನ ನಡುವೆ ಉಜ್ಜಿದರೆ ಮುಖದ ಪೌಡರಿನಷ್ಟು ನುಣುಪು ಇರಬೇಕು.

ಇನ್ನು ಅಂಟು. ಗ್ರಂಧಿಗೆ ಅಂಗಡಿಯಲ್ಲಿ ಜಾಲಿ ಗೋಂದು ಸಿಗುತ್ತದೆ. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಬಿರುಕು ಬಿಡದಿರಲು ನಾಲ್ಕು ಹನಿ ಜೇನುತುಪ್ಪ, ಕೆಡದಿರಲು ಒಂದು ಹನಿ ಲವಂಗದ ಎಣ್ಣೆ ಸೇರಿಸಿ. ಗಾಜಿನ ಚೂರಿನ ಮೇಲೆ ಬಣ್ಣದ ಪುಡಿ ಹಾಕಿ, ಗೋಂದಿನ ನೀರು ಸ್ವಲ್ಪ ಸ್ವಲ್ಪ ಬಿಟ್ಟು, ಹತ್ತು ನಿಮಿಷ ಅರೆಯಿರಿ. ಕಾಗದದ ಮೇಲೆ ಬಳಿದು ಒಣಗಿಸಿ, ಬೆರಳಿನಿಂದ ಉಜ್ಜಿ ನೋಡಿ. ಕೈಗೆ ಪುಡಿ ಬಂದರೆ ಗೋಂದು ಕಡಿಮೆಯಾಗಿದೆ. ಹೊಳೆದು ಬಿರುಕು ಬಿಟ್ಟರೆ ಜಾಸ್ತಿಯಾಗಿದೆ. ಮರದ ಹಲಗೆಯ ಮೇಲೆ ದಪ್ಪಗೆ ಬಳಿಯುವುದಿದ್ದರೆ ಗೋಂದಿನ ಬದಲು ಫೆವಿಕಾಲ್ ಸಾಕು.

ಒಂದು ಸಂಗತಿ ನನಗೆ ಈಗಲೂ ಬೆರಗು. ಹಳದಿ ಮಣ್ಣನ್ನು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಅದರೊಳಗಿನ ನೀರಿನ ಅಂಶ ಹೋಗಿ, ಕಣ್ಣೆದುರೇ ಕೆಂಪಾಗುತ್ತದೆ. ಐದೈದು ನಿಮಿಷಕ್ಕೆ ಒಂದು ಚಮಚ ತೆಗೆದಿಟ್ಟರೆ ಒಂದೇ ಮಣ್ಣಿನಿಂದ ನಾಲ್ಕೈದು ಬಣ್ಣ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

5. ಗಿಡದ ಬಣ್ಣ, ಕಪ್ಪು ಶಾಯಿ

ಬೀಟ್‌ರೂಟ್, ದಾಸವಾಳ, ಅರಿಶಿನ ನೋಡಲು ಚೆಂದ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಎಲ್ಲರಿಗೂ ಗೊತ್ತು. ಆದರೆ ಇವೆಲ್ಲ ಬೆಳಕಿಗೆ ಬೇಗ ಮಾಸುತ್ತವೆ. ನೋಟ್‌ಬುಕ್ಕಿನೊಳಗೆ ಬಳಸಿ, ಗೋಡೆಗೆ ಹಾಕುವ ಕೃತಿಗೆ ಬೇಡ. ಅನುಮಾನ ಇದ್ದರೆ ಪರೀಕ್ಷೆ ಮಾಡಿ. ಬಣ್ಣ ಬಳಿದ ಪಟ್ಟಿಯ ಅರ್ಧ ಭಾಗಕ್ಕೆ ದಪ್ಪ ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಡಿ.

ಕಪ್ಪಿಗೆ ಮಾತ್ರ ಗಟ್ಟಿ ದಾರಿ ಇದೆ. ಐದಾರು ಅಳಲೆಕಾಯಿ ಜಜ್ಜಿ ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ. ಇನ್ನೊಂದು ಬಾಟಲಿಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಒಂದು ವಾರ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಅಳಲೆಯ ಕಷಾಯ ಕಂದು ಬಣ್ಣ. ಅದಕ್ಕೆ ಮೊಳೆಯ ನೀರು ಹನಿ ಹನಿಯಾಗಿ ಬಿಟ್ಟರೆ ಕಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಹುಟ್ಟುವುದೂ ಅಳಲೆ ಮತ್ತು ಕಬ್ಬಿಣ ಸೇರಿಯೇ. ಕಬ್ಬಿಣದ ನೀರು ಜಾಸ್ತಿ ಆಗಬಾರದು. ಜಾಸ್ತಿಯಾದರೆ ಹತ್ತಾರು ವರ್ಷದಲ್ಲಿ ಕಾಗದವನ್ನೇ ತಿಂದುಬಿಡುತ್ತದೆ.

6. ಅಡಿಕೆ ಹಾಳೆ, ಎಲೆ, ಜೊಂಡು: ಒಣಗಿಸುವುದೇ ಅರ್ಧ ಕೆಲಸ

ನನ್ನ ಮೊದಲ ದೊಡ್ಡ ಕೃತಿಯಲ್ಲಿ ಅಡಿಕೆ ಹಾಳೆ ಅಂಟಿಸಿದ್ದೆ. ಜೂನ್ ಮೊದಲ ವಾರ. ಹಾಳೆ ಒಣಗಿದೆ ಅಂತಲೇ ಅಂದುಕೊಂಡಿದ್ದೆ. ಜುಲೈ ಕೊನೆಗೆ ನೋಡಿದರೆ ಬಿಳಿ ಬೂಸ್ಟು ಉಂಗುರ ಉಂಗುರವಾಗಿ ಹಬ್ಬಿ, ಪಕ್ಕದ ಕಾಗದಕ್ಕೂ ಇಳಿದಿತ್ತು. ಎರಡು ತಿಂಗಳ ಕೆಲಸ ಹೋಯಿತು. ಬಹಳ ನೊಂದುಕೊಂಡೆ. ಆಮೇಲೆ ಈ ನಿಯಮ ಮಾಡಿಕೊಂಡೆ: ಮಳೆಗಾಲದಲ್ಲಿ ಆಯ್ದದ್ದನ್ನು ಮಳೆಗಾಲದಲ್ಲಿ ಅಂಟಿಸುವುದಿಲ್ಲ.

ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಎರಡು ಹಲಗೆಯ ನಡುವೆ ಭಾರ ಹೇರಿ ಚಪ್ಪಟೆ ಮಾಡಿ. ನಾಲ್ಕು ದಿನ ಕಡು ಬಿಸಿಲು ಕಾಯಿಸಿ. ಒಂದು ತಿಂಗಳು ಪೇಪರಿನಲ್ಲಿ ಸುತ್ತಿಡಿ. ಆಮೇಲೂ ಚೆನ್ನಾಗಿದ್ದರೆ ಎರಡೂ ಬದಿಗೆ ತೆಳು ಫೆವಿಕಾಲ್ ನೀರು ಬಳಿದು ಬಳಸಿ.

ಎಲೆಗಳನ್ನು ಹಳೆ ಪೇಪರಿನ ನಡುವೆ ಒತ್ತಿಡಿ. ಮೊದಲ ವಾರ ದಿನಾ ಪೇಪರ್ ಬದಲಿಸಿ. ಹಸಿರು ಉಳಿಯುವುದಿಲ್ಲ, ಇಂದಲ್ಲ ನಾಳೆ ಕಂದಾಗುತ್ತದೆ. ಕಂದು ಬಣ್ಣ ಬೇಕಾದ ಕಡೆಗೇ ಎಲೆ ಬಳಸಿ. ಅರಳಿ ಎಲೆಯನ್ನು ಮೂರ್ನಾಲ್ಕು ವಾರ ನೀರಿನಲ್ಲಿ ಕೊಳೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ನರಗಳ ಬಲೆ ಉಳಿಯುತ್ತದೆ. ಶಾಲೆಯಲ್ಲಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ತೆಳು ಬಣ್ಣದ ಮೇಲೆ ಅಂಟಿಸಿದರೆ ಕೆಳಗಿನದು ಅದರ ಮೂಲಕ ಕಾಣುತ್ತದೆ.

ಹುಳ ಇರಬಹುದು ಅನ್ನಿಸಿದ ಕಡ್ಡಿ, ಬೀಜಗಳನ್ನು ಕವರಿನಲ್ಲಿ ಕಟ್ಟಿ ವಾರಗಟ್ಟಲೆ ಫ್ರೀಜರಿನಲ್ಲಿಟ್ಟು ತೆಗೆಯಿರಿ.

7. ತರಲಾಗದ್ದನ್ನು ಉಜ್ಜಿ ತನ್ನಿ

ಮರದ ತೊಗಟೆ, ಜಂಬಿಟ್ಟಿಗೆ ಗೋಡೆ, ತೂಬಿನ ಕಲ್ಲು, ಇವನ್ನೆಲ್ಲ ಮನೆಗೆ ತರಲಾಗುವುದಿಲ್ಲ. ತೆಳು ಕಾಗದ ಇಟ್ಟು, ಮೇಣದ ಕ್ರೇಯಾನನ್ನು ಅಡ್ಡಡ್ಡ ಹಿಡಿದು ಉಜ್ಜಿದರೆ ಅದರ ಒರಟೆಲ್ಲ ಕಾಗದಕ್ಕೆ ಇಳಿಯುತ್ತದೆ. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ನೆಲದ ಮರದ ಹಲಗೆಗಳನ್ನು ಹೀಗೆ ಉಜ್ಜಿ ಒಂದು ಹೊಸ ದಾರಿಯನ್ನೇ ತೆರೆದ. ಉಜ್ಜಿದ ಕಾಗದದ ಮೇಲೆ ಮಣ್ಣಿನ ಬಣ್ಣ ತೆಳುವಾಗಿ ಬಳಿಯಿರಿ. ಮೇಣ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಹಳೆಯ ಸ್ಮಾರಕ, ಶಾಸನಗಳ ಮೇಲೆ ಮಾತ್ರ ಇದನ್ನು ಮಾಡಬೇಡಿ.

8. ನಮ್ಮವರಿಂದ ಕಲಿಯುವುದು

ದೀವರ ಚಿತ್ತಾರದಲ್ಲಿ ಬಿಳಿ ಅಕ್ಕಿಯಿಂದ, ಕೆಂಪು ಕೆಮ್ಮಣ್ಣಿನಿಂದ, ಕಪ್ಪು ಸುಟ್ಟ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ ಬರುತ್ತದೆ. ಕುಂಚ ಪುಂಡಿ ನಾರಿನದು. ನಾಲ್ಕೇ ಬಣ್ಣ. ಈ ಮಿತಿಯೇ ಅದರ ಬಲ ಅಂತ ನನಗನ್ನಿಸುತ್ತದೆ. ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡಿ ನೋಡಿ, ಅಂಗಡಿ ಬ್ರಷ್ ಕೊಡದ ಗೆರೆ ಬರುತ್ತದೆ. ಆದರೆ ಅವರ ಮದುವೆ ಮನೆಯ ಚಿತ್ತಾರವನ್ನೇ ನಕಲು ಮಾಡಿ ನಿಮ್ಮ ಹೆಸರು ಹಾಕಬೇಡಿ. ಅದು ಅವರ ಬದುಕಿನ ಗುರುತು. ವಿಧಾನ ಕಲಿಯಿರಿ, ಕಲಿಸಿದವರ ಹೆಸರು ಹೇಳಿ.

ಗೋವಾ, ಉತ್ತರ ಕನ್ನಡದ ಕರಾವಳಿಯ ಹಳೆ ದೇವಸ್ಥಾನಗಳಲ್ಲಿ ಕಾವಿ ಕಲೆ ಇದೆ. ಬಿಳಿ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿಯನ್ನು ಹೊರತರುತ್ತಾರೆ. ಹಲಗೆಯ ಮೇಲೆ ನಾವೂ ಇದನ್ನು ಸಣ್ಣದಾಗಿ ಮಾಡಬಹುದು. ಬಿಳಿ ತಳ, ಮೇಲೆ ಕೆಮ್ಮಣ್ಣು, ಒಂದು ದಬ್ಬಣ.

9. ಎಲ್ಲ ಸೇರಿಸುವುದು: ನನ್ನ ಕೆರೆಯ ಉದಾಹರಣೆ

12 ಇಂಚು ಅಗಲ, 16 ಇಂಚು ಎತ್ತರದ ಪ್ಲೈವುಡ್ ತೆಗೆದುಕೊಂಡೆ. ದಪ್ಪ ಮಣ್ಣಿಗೆ ಕಾಗದ ತಡೆಯುವುದಿಲ್ಲ. ಎರಡೂ ಬದಿಗೆ ಫೆವಿಕಾಲ್ ನೀರು ಬಳಿದೆ. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ. ಮೇಲೆ ಸೀಮೆಸುಣ್ಣದ ಪುಡಿ ಎರಡು ಪಾಲು, ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿದ ಬಿಳಿ ತಳ, ಎರಡು ಕೋಟು. ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿದೆ.

ಮೊದಲು ನೀರಿನಂಥ ಪದರ. ಅಳಲೆ ಶಾಯಿಯನ್ನು ತುಂಬ ತೆಳು ಮಾಡಿ ಮೇಲ್ಭಾಗಕ್ಕೆ ಹರಿಸಿದೆ. ಅದು ಮಧ್ಯಾಹ್ನದ ಆಕಾಶ. ಆಮೇಲೆ ಕಾಗದದ ಪದರ. ಏರಿಯ ಜಂಬಿಟ್ಟಿಗೆಯನ್ನು ಉಜ್ಜಿ ತಂದ ಟಿಶ್ಯೂ ಕಾಗದವನ್ನು ಹರಿದು, ನಡುವೆ ಒಂದು ಪಟ್ಟಿಯಾಗಿ ಅಂಟಿಸಿದೆ. ಕತ್ತರಿ ಹಾಕಲಿಲ್ಲ. ಹರಿದ ಅಂಚು ಏರಿಯ ಸಾಲಿನ ಹಾಗೇ ಕಾಣುತ್ತದೆ.

ಕೆಳಗಿನ ಅರ್ಧಕ್ಕೆ ಗೋಡು. ನಾಲ್ಕು ಪಾಲು ಗೋಡಿಗೆ ಒಂದು ಪಾಲು ಫೆವಿಕಾಲ್ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಮೂರು ನಾಲ್ಕು ಮಿಲಿಮೀಟರ್ ದಪ್ಪ ಮೆತ್ತಿದೆ. ನೆರಳಲ್ಲಿ ಎರಡು ದಿನ. ನೀರು ಹೋದಂತೆ ಅದು ತಾನಾಗಿಯೇ ಬಿರುಕು ಬಿಟ್ಟಿತು. ದಪ್ಪ ಇದ್ದ ಕಡೆ ದೊಡ್ಡ ಚಕ್ಕೆಗಳು, ತೆಳು ಇದ್ದ ಕಡೆ ಸಣ್ಣವು. ಕೆರೆಯಲ್ಲೂ ಅಷ್ಟೇ. ತೂಬಿನ ಹತ್ತಿರ ಗೋಡು ದಪ್ಪ, ಚಕ್ಕೆ ದೊಡ್ಡದು. ದಂಡೆಗೆ ಬಂದಂತೆ ಸಣ್ಣದು. ಇದನ್ನು ನಾನು ಮೊದಲು ಕೆರೆಯಲ್ಲಿ ಗಮನಿಸಿರಲಿಲ್ಲ. ಹಲಗೆ ನೋಡಿದ ಮೇಲೆ ಓಡಿ ಹೋಗಿ ನೋಡಿದೆ.

ಬಿರುಕಿನೊಳಗೆ ತೆಳು ಕೆಮ್ಮಣ್ಣಿನ ನೀರು ಬಿಟ್ಟೆ. ಹಲಗೆಗೆ ಸಣ್ಣ ತೂತು ಕೊರೆದು, ಒಣ ಜೊಂಡಿನ ಮೂರು ಕಡ್ಡಿಗಳನ್ನು ನೂಲಿನಿಂದ ಹೊಲಿದೆ. ಭಾರದ ವಸ್ತುವನ್ನು ಬರೀ ಅಂಟಿಗೆ ನಂಬಬೇಡಿ. ಕೊನೆಗೆ ಜೇಡಿ ಮಣ್ಣಿನ ಬಿಳಿಯಲ್ಲಿ ಒಂದು ಗೆರೆ, ಹಿಂದಿನ ವರ್ಷ ನೀರು ನಿಂತಿದ್ದ ಮಟ್ಟ.

ಕ್ರಮ ನೆನಪಿಡಿ: ತೆಳು ಮೊದಲು, ಕಾಗದ ಆಮೇಲೆ, ದಪ್ಪ ಅದರ ಮೇಲೆ, ಗಟ್ಟಿ ವಸ್ತು ಕೊನೆಗೆ. ಪ್ರತಿ ಪದರವೂ ಪೂರ್ತಿ ಒಣಗಬೇಕು. ಒಂದು ಕೃತಿಗೆ ಮೂರು ನಾಲ್ಕು ಸಾಮಗ್ರಿ ಸಾಕು. ತಂದದ್ದನ್ನೆಲ್ಲ ಅಂಟಿಸಿದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಕೆಲಸ ನಿಂತುಹೋದರೆ

ನಿಲ್ಲುತ್ತದೆ, ಎಲ್ಲರಿಗೂ. ಆಗ ದೂರ ಬದಲಿಸಿ. ಏರಿಯ ಮೇಲೆ ನಿಂತು ನೋಡಿದ್ದರೆ ಮಂಡಿಯೂರಿ ಇರುವೆಯ ಎತ್ತರದಿಂದ ನೋಡಿ. ಹೊತ್ತು ಬದಲಿಸಿ, ಬೆಳಗಿನ ಆರಕ್ಕೆ ಹೋಗಿ. ಅರ್ಧ ಕೃತಿಯನ್ನು ಆ ಜಾಗಕ್ಕೇ ಹೊತ್ತು ಹೋಗಿ ನೆಲದ ಮೇಲಿಡಿ. ಯಾವ ಬಣ್ಣ ಸುಳ್ಳು ಹೇಳುತ್ತಿದೆ ಅಂತ ಅಲ್ಲಿ ತಕ್ಷಣ ಗೊತ್ತಾಗುತ್ತದೆ.

ಚೌಕಟ್ಟು ಹಾಕುವಾಗ ಗಾಜಿಗೂ ಮಣ್ಣಿಗೂ ಅರ್ಧ ಇಂಚು ಅಂತರ ಬಿಡಿ. ಹಿಂಬದಿಗೆ ಗಾಳಿಯಾಡಲು ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿ. ಮಲೆನಾಡಿನ ಮನೆಯಾದರೆ ಹೊರಗೋಡೆಗೆ ತೂಗುಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬೆವರುತ್ತದೆ. ಹಲಗೆಯ ಹಿಂದೆ ಪೆನ್ಸಿಲ್‌ನಲ್ಲಿ ಎಲ್ಲ ಬರೆದಿಡಿ: ಯಾವ ಮಣ್ಣು, ಯಾವ ತಾರೀಕು, ಯಾವ ಅಂಟು.

ಈಗ ಕೆರೆ ತುಂಬಿದೆ. ಏಪ್ರಿಲ್‌ನಲ್ಲಿ ನಾನು ಕೂತಿದ್ದ ಜಾಗದ ಮೇಲೆ ಆಳುದ್ದ ನೀರಿದೆ. ಏರಿಯ ಮೇಲೆ ಕೂತು ಎರಡನೇ ಹಲಗೆಗೆ ಟಿಪ್ಪಣಿ ಮಾಡುತ್ತಿದ್ದೇನೆ. ಗೋಡು ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿದೆ.